ಪ್ಲೇಸ್ಟೇಷನ್ನು, ಕೂಳೆ ಕಬ್ಬು ಮತ್ತು ನನ್ನ ಅಳಿಯ

ಮೊನ್ನೆ ರವಿವಾರ ಮುಂಜಾನೆ ಇನ್ನೂ ಚಹಾ ಕುಡಿದಿರಲಿಲ್ಲ, ಅಥಣಿಯಿಂದ ಅಳಿಯನ ಫೋನು ಬಂತು. ಅಳಿಯ ಅಂದ್ರೆ ಅಕ್ಕನ ಮಗ. ರಜೆ ದಿನ ಒಂಬತ್ತಕ್ಕಿಂತ ಮೊದಲು ಎದ್ದ ದಾಖಲೆ ಇಲ್ಲದ ಹುಡುಗ, ಹಂಗಾಗಿ ಎದೆ ಧಸಕ್ ಅಂತು. (ಊರಲ್ಲಿ ವಯಸ್ಸಾದವರು ಇದ್ದರೆ ಬೆಳಗಿನ ಫೋನು ಹೀಗೇ ಹೆದರಿಸತ್ತೆ, ನಿಮಗೂ ಗೊತ್ತಿರತ್ತೆ.)

"ಮಾಮಾ, ಒಂದ್ ಮಾತ್ ಹೇಳ್ತೀನಿ, ಅಪ್ಪಗ ಹೇಳಬ್ಯಾಡ."

"ಏನ್ ಮಾಡ್ಕೊಂಡೀಯೋ ಮಾರಾಯಾ?"

"ನಾ ಏನೂ ಮಾಡಿಲ್ಲ. ಜಿಟಿಎ ಸಿಕ್ಸ್ ನಮ್ಮ ಪಿಎಸ್ ಫೋರ್‌ಗೆ ಬರಂಗಿಲ್ಲಂತ. ಪಿಎಸ್ ಫೈವ್ ಬೇಕಾಗ್ತೈತಿ. ನೀ ಒಂದ್ ಸಲ ಅಪ್ಪಗ ಹೇಳು."

ಅಪ್ಪಗ ಹೇಳಬ್ಯಾಡ ಅಂತ ಶುರು ಮಾಡಿದವನು ಮೂರನೇ ವಾಕ್ಯಕ್ಕೆ ಅಪ್ಪಗ ಹೇಳು ಅಂತಾನೆ :) ಜಿಟಿಎ ಹದಿನೆಂಟು ತುಂಬಿದವರ ಆಟ. ಇವನಿಗೆ ಹತ್ತೊಂಬತ್ತಾಯ್ತು, ಆ ಜಗಳ ನಮ್ಮ ಮನೆಯಲ್ಲಿ ಹೋದ ವರ್ಷವೇ ಮುಗಿದಿದೆ. ಉಳಿದಿರೋದು ದುಡ್ಡಿನ ಜಗಳ.

ಫೋನಿಟ್ಟು ಲೆಕ್ಕ ಹಾಕಿದೆ. 2024ರಲ್ಲಿ ಪಿಎಸ್ 5 ಸ್ಲಿಮ್ ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಹಾಕೋ ಮಾಡೆಲ್ಲಿನ ಬೆಲೆ 54,990 ರೂಪಾಯಿ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ಬೇಕು ಅಂತ ಕೂತು, ಕೊನೆಗೆ ಸರ್ಕಾರ 3,300ಕ್ಕೆ ಒಪ್ಪಂದ ಮಾಡಿಸ್ತಲ್ಲ, ಆ ದರದಲ್ಲಿ ಒಂದು ಪಿಎಸ್ 5 ಅಂದ್ರೆ ಹತ್ತಿರ ಹತ್ತಿರ ಹದಿನೇಳು ಟನ್ ಕಬ್ಬು. ಆಟ ಬೇರೆ, ಅದಕ್ಕೆ ಬೇರೆ ದುಡ್ಡು. ಭಾವನ ಹೊಲದಲ್ಲಿ ಎಕರೆಗೆ ನಲವತ್ತು ಟನ್ ಬಂದರೆ ಅವತ್ತು ಮನೆಯಲ್ಲಿ ಹೋಳಿಗೆ. ಅಂದ್ರೆ ಸುಮಾರು ಅರ್ಧ ಎಕರೆಯ ಒಂದು ವರ್ಷದ ಬೆಳೆಯನ್ನ ಟಿವಿ ಪಕ್ಕ ತಂದು ಇಡೋದು. ಅದೂ ಗೊಬ್ಬರ, ನೀರು, ಕಡಿಯೋ ಗ್ಯಾಂಗಿನ ಖರ್ಚು ಕಳೆಯದೆ ಹೇಳಿದ ಲೆಕ್ಕ.

ಹಳೇ ಡಬ್ಬಿ ಕೆಟ್ಟಿಲ್ಲ. ಎರಡು ಕಂಟ್ರೋಲರ್ ಗಟ್ಟಿಯಾಗಿವೆ. ಆದ್ರೂ ಅದರ ಕಾಲ ಮುಗೀತು ಅಂತ ಎಲ್ಲೋ ಒಂದು ಆಫೀಸಿನಲ್ಲಿ ತೀರ್ಮಾನ ಆಗಿದೆ. ಈ ತೀರ್ಮಾನ ಹೆಂಗೆ ಆಗತ್ತೆ, ಅದರಲ್ಲಿ ನಮ್ಮಂಥ ತಡವಾಗಿ ಬರೋ ಗಿರಾಕಿಗಳ ಜಾಗ ಎಲ್ಲಿ ಅನ್ನೋದೇ ಈ ಪೋಸ್ಟು. ಆಟ ಗೀಟ ನಮಗ್ಯಾಕೆ ಅನ್ನೋರು ಕಬ್ಬಿನ ಭಾಗ ಓದಿ.

ನನಗೆ ಇದರ ಬಗ್ಗೆ ಮಾತಾಡೋ ಹಕ್ಕು ಒಂಚೂರು ಇದೆ. 2007ರಿಂದ ನಾಲ್ಕು ವರ್ಷ ಚಿಕ್ಕೋಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರ ಒಂದು ಸಣ್ಣ ಖೋಲಿಯಲ್ಲಿ ಗೇಮ್ ಪಾರ್ಲರ್ ನಡೆಸಿದವನು ನಾನು. ನಾನೊಬ್ಬನೇ ಅಲ್ಲ, ನಿಪ್ಪಾಣಿಯ ದೋಸ್ತನೊಬ್ಬ ಪಾಲುದಾರ. ಅವರಪ್ಪ ತಂಬಾಕಿನ ವ್ಯಾಪಾರಿ, ಬಂಡವಾಳ ಅವರದು, ಹಮಾಲಿ ನಂದು. ಎರಡು ಪಿಎಸ್ 2, ಎರಡು 21 ಇಂಚಿನ ಡಬ್ಬಾ ಟಿವಿ, ಒಂದು ಇನ್ವರ್ಟರ್. ಗಂಟೆಗೆ 20 ರೂಪಾಯಿ. ಹೊಸದೇನಾದ್ರೂ ಬಂದ್ರೆ ಮೊದಲು ನಿಪ್ಪಾಣಿಗೆ ಬರ್ತಿತ್ತು, ಪುಣೆ ಹೈವೇ ಮೇಲೆ ಇರೋ ಊರಲ್ವಾ. ಅಲ್ಲಿಂದ ಚಿಕ್ಕೋಡಿಗೆ. ರಾಯಬಾಗದ ಹುಡುಗರು ಇಲ್ಲಿಗೆ ಬಂದು ನೋಡಿ ಹೋಗಿ ಅಪ್ಪನ ಹತ್ರ ಹಟ ಹಿಡೀತಿದ್ರು. ಕಾಗವಾಡದ ಕಡೆಯವರಿಗೆ ಮಿರಜ ಹತ್ತಿರ, ಲೆನ್ಸ್ ಕೆಟ್ಟರೆ ನಾವೂ ಅಲ್ಲಿಗೇ ಓಡಬೇಕಾಗ್ತಿತ್ತು.

ಮೆಮರಿ ಕಾರ್ಡ್ ಅಂತ ಒಂದಿತ್ತು, ನೆನಪಿದ್ಯಾ? 8 ಎಂಬಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಪಕ್ಕಾ ಗಿರಾಕಿ ಹುಡುಗರು ತಮ್ಮ ಕಾರ್ಡ್ ತಾವೇ ಕಿಸೆಯಲ್ಲಿ ಇಟ್ಟುಕೊಂಡು ಬರೋರು. ಲೈಟ್ ಹೋಗೋದರೊಳಗೆ ಸೇವ್ ಮಾಡಬೇಕು. ಕೆಲವು ದಿನ ನಮ್ಮ ಇನ್ವರ್ಟರೂ ಕೈ ಕೊಡ್ತಿತ್ತು, ಆಗ ಆಗೋ ಕೂಗಾಟಕ್ಕೆ ಪಕ್ಕದ ಟೇಲರ್ ಕಾಕಾ ಎದ್ದು ಬಂದು ಬೈದು ಹೋಗೋರು.

ಇನ್ನೊಂದು ವಿಷಯ ಮುಚ್ಚಿಡದೇ ಹೇಳಿಬಿಡ್ತೀನಿ. ನಮ್ಮ ಎರಡೂ ಯಂತ್ರಕ್ಕೆ ಚಿಪ್ ಹಾಕಿಸಿತ್ತು. ಡಿಸ್ಕುಗಳು ನಕಲಿ. ಹೆಮ್ಮೆಯಿಂದ ಹೇಳ್ತಿಲ್ಲ, ಆದ್ರೆ ಅದನ್ನ ಬಿಟ್ಟು ಆ ಕಾಲದ ಕಥೆ ಹೇಳಿದ್ರೆ ಸುಳ್ಳಾಗತ್ತೆ. ಕಂಪನಿಗೆ ನಾವು ಗಿರಾಕಿಗಳೇ ಆಗಿರಲಿಲ್ಲ, ಅರ್ಧ ಗಿರಾಕಿ.

ಆಗ ನನಗೆ ಗೊತ್ತಿಲ್ಲದೇ ಇದ್ದದ್ದು ಏನು ಅಂದ್ರೆ, ನಾವು ಅಂಗಡಿ ತೆಗೆದಾಗಲೇ ನಮ್ಮ ಯಂತ್ರ ಹಳೇದಾಗಿತ್ತು! ಪಿಎಸ್ 2 ಜಪಾನಿನಲ್ಲಿ ಬಂದದ್ದು 2000ದ ಮಾರ್ಚ್ 4ಕ್ಕೆ. ಪಿಎಸ್ 3 ಅಲ್ಲಿ 2006ರ ನವೆಂಬರಿನಲ್ಲೇ ಬಂತು, ನಮ್ಮ ದೇಶಕ್ಕೆ 2007ರ ಏಪ್ರಿಲ್ 27ಕ್ಕೆ, 39,990 ರೂಪಾಯಿಗೆ. ಚಿಕ್ಕೋಡಿಯಲ್ಲಿ ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಮೋಟರ್ ಸೈಕಲ್ ಬಂದು ಮೇಲೆ ಪೆಟ್ರೋಲಿಗೂ ಉಳೀತಿತ್ತು. ನಮಗೆ ಅದರ ಸುದ್ದಿ ಪೇಪರಿನಲ್ಲಿ ಓದಿದ್ದಷ್ಟೇ.

ಆದ್ರೂ ನಮ್ಮ ಅಂಗಡಿ ನಡೀತು. ಯಾಕೆ? ಕಂಪನಿಗಳು ಹಳೇ ಯಂತ್ರಕ್ಕೆ ಆಟ ಮಾಡೋದು ಬಿಡಲಿಲ್ಲ. ಗಾಡ್ ಆಫ್ ವಾರ್ 2 ನೋಡಿ. ಅಮೆರಿಕದಲ್ಲಿ ಪಿಎಸ್ 3 ಬಂದು ನಾಲ್ಕು ತಿಂಗಳಾಗಿತ್ತು. ಹೊಸ ಯಂತ್ರ ಓಡಿಸಬೇಕಾದ ಸೋನಿ ಕಂಪನಿಯೇ 2007ರ ಮಾರ್ಚಿನಲ್ಲಿ ತನ್ನ ಅಷ್ಟು ದೊಡ್ಡ ಆಟವನ್ನ ಹಳೇ ಪಿಎಸ್ 2ಕ್ಕೆ ಕೊಡ್ತು. ಹುಚ್ಚುತನ ಅನ್ಸತ್ತೆ, ಆದ್ರೆ ಲೆಕ್ಕ ಸರಿಯಾಗಿದೆ. ಹೊಸ ಯಂತ್ರ ಆಗಷ್ಟೇ ಕೆಲವು ಮನೆ ಸೇರಿತ್ತು. ಹಳೇದು ಜಗತ್ತಿನಲ್ಲಿ ಹತ್ತು ಕೋಟಿ ಮನೆ ದಾಟಿತ್ತು. ಡಬ್ಬಿ ಮಾರಿ ಈ ಕಂಪನಿಗಳಿಗೆ ಸಿಗೋದು ಅಷ್ಟಕ್ಕಷ್ಟೇ, ಶುರುವಿನಲ್ಲಿ ಎಷ್ಟೋ ಸಲ ನಷ್ಟಕ್ಕೇ ಮಾರ್ತಾರೆ. ದುಡ್ಡು ಇರೋದು ಆಟದಲ್ಲಿ. ಆಟ ಮಾರಬೇಕಾದ್ರೆ ಡಬ್ಬಿ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೆ ಹೋಗಬೇಕು.

ಈಗ ಕಬ್ಬು :)

ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳಬೇಕು. ಕಬ್ಬು ಒಂದು ಸಲ ನೆಟ್ಟು ಒಂದೇ ಸಲ ಕಡಿಯೋ ಬೆಳೆ ಅಲ್ಲ. ಮೊದಲ ಸಲ ನೆಡೋಕೆ ಖರ್ಚು ಬಹಳ. ನೇಗಿಲು, ಸಾಲು, ಬೀಜದ ಕಬ್ಬು, ನಾಟಿ ಆಳು ಎಲ್ಲಾ ಬೇಕು. ಕಡಿದ ಮೇಲೆ ಬುಡ ನೆಲದಲ್ಲೇ ಇರತ್ತೆ, ಅದರಿಂದ ಮತ್ತೆ ಚಿಗುರತ್ತೆ. ಅದು ಕೂಳೆ ಬೆಳೆ. ನೇಗಿಲೂ ಬೇಡ, ಬೀಜವೂ ಬೇಡ. ಇಳುವರಿ ಸ್ವಲ್ಪ ಕಮ್ಮಿ, ಆದ್ರೆ ಖರ್ಚು ಇನ್ನೂ ಕಮ್ಮಿ, ಹಂಗಾಗಿ ಕೈಯಲ್ಲಿ ನಾಲ್ಕು ದುಡ್ಡು ನಿಲ್ಲತ್ತೆ. ಒಂದು ಕೂಳೆ ಎಲ್ಲರೂ ತಗೋತಾರೆ, ಎರಡನೇದೂ ತಗೋತಾರೆ. ಮೂರನೇದಕ್ಕೆ ಹೊಲ ನೋಡಿ, ರೋಗ ನೋಡಿ, ಕಾರ್ಖಾನೆ ದರ ನೋಡಿ ತೀರ್ಮಾನ. ಅಷ್ಟರಲ್ಲಿ ಬುಡಕ್ಕೆ ಗೊಣ್ಣೆ ಹುಳು ಬಿದ್ದಿದ್ರೆ ಕಿತ್ತು ಹಾಕಿ ಹೊಸದು ನೆಡೋದೇ ಸರಿ.

ಆಟದ ಕಂಪನಿಗಳು ಮಾಡೋದು ಇದೇ. ಹೊಸ ಯಂತ್ರಕ್ಕೆ ಮೊದಲ ಆಟ ಮಾಡೋದು ಹೊಸ ನಾಟಿ. ಹೊಸ ಪ್ರೊಸೆಸರ್ ಕಲೀಬೇಕು, ಸಲಕರಣೆ ಕಟ್ಟಬೇಕು. ಅದರಲ್ಲೂ ಪಿಎಸ್ 3ರ ಸೆಲ್ ಪ್ರೊಸೆಸರ್ ಪ್ರೋಗ್ರಾಮರುಗಳಿಗೆ ಕಲ್ಲು ನೆಲ ಆಗಿತ್ತು ಅಂತ ಅವರೇ ಗೋಳಾಡಿದ್ದು ಎಲ್ಲರಿಗೂ ಗೊತ್ತು. ಹಳೇ ಯಂತ್ರಕ್ಕೆ ಇನ್ನೊಂದು ಆಟ ಅಂದ್ರೆ ಕೂಳೆ. ನೆಲ ಹದ ಆಗಿದೆ, ಕೆಲಸಗಾರರಿಗೆ ಕೈ ಕೂತಿದೆ, ಗಿರಾಕಿ ಕಾಯ್ತಾ ಇದಾನೆ. ಇದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಇರೋದು ಕೂಳೆ ತಗೊಳ್ಳೋದರ ಮೇಲೆ ಅಲ್ಲ, ಹೆಂಗೆ ತಗೋತಾರೆ ಅನ್ನೋದರ ಮೇಲೆ.

ಕೂಳೆಗೂ ಆರೈಕೆ ಬೇಕು. ಕಡಿದ ಮೇಲೆ ಬುಡ ಸವರಬೇಕು, ರವದಿಯನ್ನ ಸಾಲಿಗೆ ಹಚ್ಚಬೇಕು, ಹುಸಿ ಬಿದ್ದ ಜಾಗದಲ್ಲಿ ಸಸಿ ತುಂಬಬೇಕು, ಗೊಬ್ಬರ ಕೊಡಬೇಕು. ಹೆಂಗೂ ಚಿಗುರತ್ತೆ ಬಿಡು ಅಂತ ನೀರು ಬಿಟ್ಟು ಮನೇಲಿ ಮಲಗೋರೂ ಇದಾರೆ. ಅವರ ಹೊಲದಲ್ಲಿ ನಡುನಡುವೆ ಬೋಳು ಜಾಗ. ಆದ್ರೂ ಕಾರ್ಖಾನೆ ಹತ್ರ ಅವರ ದೂರು ಇದ್ದೇ ಇರತ್ತೆ ಅನ್ನಿ.

ಫುಟ್‌ಬಾಲಿನ ಫಿಫಾ ಆಟ ಹೀಗೇ ಆಯ್ತು. ಪಿಎಸ್ 3ಕ್ಕೆ 2018ರ ತನಕ ಪ್ರತಿ ವರ್ಷ ಬಂತು, ಫಿಫಾ 19ರವರೆಗೆ. ಪೆಟ್ಟಿಗೆ ಮೇಲೆ 'ಲೆಗಸಿ ಎಡಿಷನ್' ಅಂತ ಇರ್ತಿತ್ತು. ಲೆಗಸಿ ಅಂದ್ರೆ ಏನೋ ಘನವಾದದ್ದು ಅಂದ್ಕೋಬೇಡಿ, ಆಟ ಅದೇ ಹಳೇದು, ಆಟಗಾರರ ಪಟ್ಟಿ ಮತ್ತು ಅಂಗಿ ಮಾತ್ರ ಹೊಸದು. 2015ರಲ್ಲಿ ಕಾಲ್ ಆಫ್ ಡ್ಯೂಟಿ ಬ್ಲ್ಯಾಕ್ ಆಪ್ಸ್ 3 ಪಿಎಸ್ 3ಕ್ಕೂ ಬಂತು, ಕಥೆಯ ಭಾಗವೇ ಇಲ್ಲದೆ! ಒಬ್ಬನೇ ಕೂತು ಆಡೋ ಹುಡುಗನಿಗೆ, ಅದರಲ್ಲೂ ಆಗಿನ ನಮ್ಮೂರ ಇಂಟರ್ನೆಟ್ಟಿನಲ್ಲಿ, ಕಥೆ ತೆಗೆದರೆ ಉಳೀತೇನು? ಹುಸಿ ಬಿದ್ದ ಹೊಲ.

ಇದಕ್ಕಿಂತ ದೊಡ್ಡ ನಷ್ಟ ನಮಗೆ ಕ್ರಿಕೆಟ್ಟಿನಲ್ಲಿ ಆಯ್ತು. ನಮ್ಮ ಪಾರ್ಲರಿನಲ್ಲಿ ಒಂದು ಡಿಸ್ಕ್ ಬೆಳಗಿಂದ ರಾತ್ರಿ ತನಕ ತಿರುಗ್ತಿದ್ರೆ ಅದು ಇಎ ಕಂಪನಿಯ ಕ್ರಿಕೆಟ್ 07. 2006ರ ನವೆಂಬರಿನಲ್ಲಿ ಬಂತು, ಪಿಎಸ್ 2 ಮತ್ತು ಕಂಪ್ಯೂಟರಿಗೆ ಮಾತ್ರ. ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟರೆ ಉಳಿದ ತಂಡಕ್ಕೆ ಲೈಸೆನ್ಸ್ ಇರಲಿಲ್ಲ, ನಮ್ಮವರ ಹೆಸರೆಲ್ಲಾ ತಿರುಚಿದ್ದು. ಹುಡುಗರಿಗೆ ಅದೇ ತಮಾಷೆ, ಬ್ಯಾಟಿಂಗ್ ನೋಡಿ ಯಾರು ಅಂತ ತಾವೇ ಗುರುತಿಸೋರು. ಬೌಂಡರಿಗೆ ಒಂದು ಬಟನ್, ಔಟಾದ್ರೆ ಕಂಟ್ರೋಲರ್ ಮೇಲೆ ಸಿಟ್ಟು.

ಅದೇ ಕೊನೆ. ತಲೆಮಾರು ಬದಲಾದಾಗ ಇಎಯವರು ಕ್ರಿಕೆಟ್ಟನ್ನ ಹೊಸ ಯಂತ್ರಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಫುಟ್‌ಬಾಲ್ ಹೋಯ್ತು, ಕ್ರಿಕೆಟ್ ಆ ದಂಡೆಯಲ್ಲೇ ಉಳೀತು. ಅವರ ಲೆಕ್ಕದಲ್ಲಿ ಹೊಸ ನಾಟಿಯ ಖರ್ಚಿಗೆ ತಕ್ಕ ಗಿರಾಕಿ ಕ್ರಿಕೆಟ್ಟಿಗೆ ಇರಲಿಲ್ಲ ಅಂತಲೇ ನಾನು ತಿಳ್ಕೊಂಡಿದೀನಿ. ಕ್ರಿಕೆಟ್ ಹುಚ್ಚರು ಹೆಚ್ಚಿರೋದು ನಮ್ಮ ಉಪಖಂಡದಲ್ಲಿ, ಹೊಸ ಯಂತ್ರ ಕೊಳ್ಳೋರು ಕಮ್ಮಿ ಇರೋದೂ ನಮ್ಮಲ್ಲೇ, ಇರೋರಲ್ಲೂ ನನ್ನಂಥ ಚಿಪ್ ಹಾಕಿಸಿದವರೇ ಜಾಸ್ತಿ. (ಇಲ್ಲಿ ನನ್ನ ಪಾಲಿನ ಪಾಪ ನಾನು ಒಪ್ಕೋತೀನಿ.) ಕಂಪ್ಯೂಟರಿನ ಕ್ರಿಕೆಟ್ 07 ಮಾತ್ರ ಸಾಯಲಿಲ್ಲ. ಐಪಿಎಲ್ ಶುರುವಾದದ್ದು 2008ರಲ್ಲಿ, ಆಟ ಅದಕ್ಕಿಂತ ಹಳೇದು, ಆದ್ರೂ ಅಭಿಮಾನಿಗಳು ತಾವೇ ಪ್ಯಾಚ್ ಮಾಡಿ ಐಪಿಎಲ್ ತಂಡ, ಹೊಸ ಅಂಗಿ, ಹೊಸ ಆಟಗಾರರನ್ನ ತುಂಬಿದರು. ವರ್ಷ ವರ್ಷ. ಕಂಪನಿ ಬಿಟ್ಟು ಹೋದ ಬುಡಕ್ಕೆ ಊರವರೇ ನೀರು ಹಾಕಿ ಕೂಳೆ ತೆಗೆದ ಹಾಗೆ. ಆಮೇಲೆ ಕೋಡ್‌ಮಾಸ್ಟರ್ಸ್‌ನವರ ಆ್ಯಷಸ್ 2009, ಬಿಗ್ ಆ್ಯಂಟ್‌ನವರ ಡಾನ್ ಬ್ರಾಡ್‌ಮನ್ ಕ್ರಿಕೆಟ್ 14, ಕ್ರಿಕೆಟ್ 22, 24 ಎಲ್ಲಾ ಬಂದ್ವು. ಒಳ್ಳೆಯವೂ ಇವೆ. ಆದ್ರೆ ನಮ್ಮ ಪಾರ್ಲರಿನ ಪಿಎಸ್ 2ಗೆ ಅವು ಬರಲಿಲ್ಲ.

ಬಂದದ್ದು ಬೇರೆ. 2009ರಲ್ಲಿ ಸೋನಿಯವರಿಗೆ ಒಂದು ವಿಚಾರ ಹೊಳೀತು, ಈಗ ಯೋಚನೆ ಮಾಡಿದ್ರೆ ನನಗೆ ಅದು ಬಹಳ ದೊಡ್ಡ ವಿಚಾರ ಅನ್ಸತ್ತೆ. ಜಗತ್ತಿಗೆ ಹಳೇದಾದ ಪಿಎಸ್ 2 ಭಾರತಕ್ಕೆ ಇನ್ನೂ ಹಳೇದಾಗಿಲ್ಲ, ಹಾಗಾದ್ರೆ ಭಾರತಕ್ಕೇ ಅಂತ ಪಿಎಸ್ 2 ಆಟ ಯಾಕೆ ಮಾಡಬಾರದು? ಹೈದರಾಬಾದಿನ ಔರೋನಾ ಕಂಪನಿ 'ಹನುಮಾನ್: ಬಾಯ್ ವಾರಿಯರ್' ಮಾಡ್ತು. ಅದೇ ಊರಿನ ಗೇಮ್‌ಶಾಸ್ತ್ರ 'ದೇಸಿ ಅಡ್ಡಾ' ಮಾಡ್ತು, ಅದರಲ್ಲಿ ಕಬಡ್ಡಿ, ಗಾಳಿಪಟ, ನಮ್ಮ ಚಿನ್ನಿದಾಂಡು! 2010ರಲ್ಲಿ ಟ್ರೈನ್ ಗೇಮ್ಸ್‌ನವರ ಗಲ್ಲಿ ಕ್ರಿಕೆಟ್, 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್', 2012ರಲ್ಲಿ ಅದರ ಎರಡನೇ ಭಾಗ. 2011ರಲ್ಲಿ ರಾ ಒನ್ ಸಿನಿಮಾದ ಆಟ ಪಿಎಸ್ 3ಕ್ಕೂ ಪಿಎಸ್ 2ಗೂ ಒಟ್ಟಿಗೆ ಬಂತು. ಡಾನ್ 2 ಆಟ ಬರೋ ಹೊತ್ತಿಗೆ 2013 ಆಗಿತ್ತು, ಆ ವರ್ಷದ ಜನವರಿಯಲ್ಲೇ ಪಿಎಸ್ 2 ಉತ್ಪಾದನೆ ನಿಂತ ಸುದ್ದಿ ಬಂದಿತ್ತು. ಅಷ್ಟರಲ್ಲಿ ಹದಿನೈದು ಕೋಟಿಗೂ ಮೇಲೆ ಮಾರಿತ್ತು ಆ ಯಂತ್ರ.

ಹನುಮಾನ್ ಆಟದ ಅಸಲಿ ಡಿಸ್ಕ್ ನಾವು ದುಡ್ಡು ಕೊಟ್ಟು ತಂದೆವು. ನಮ್ಮ ಅಂಗಡಿಯ ಮೊದಲ ಅಸಲಿ ಡಿಸ್ಕ್ ಅದು. ದೋಸ್ತ ತೆಂಗಿನಕಾಯಿ ಒಡೆದ. ಹುಡುಗರು ಸಾಲಾಗಿ ನಿಂತರು. ಒಂದು ವಾರ ಆಡಿದರು, ಆಮೇಲೆ ಯಾರೂ ಕೇಳಲಿಲ್ಲ. ಆಟ ಚೆನ್ನಾಗಿರಲಿಲ್ಲ, ನಿಜ ಹೇಳಬೇಕಂದ್ರೆ. ಜಿಗಿದರೆ ಎಲ್ಲಿ ಬೀಳ್ತಾನೆ ಗೊತ್ತಾಗ್ತಿರಲಿಲ್ಲ, ಗದೆ ಬೀಸಿದ್ರೆ ತಗಲಿತೋ ಇಲ್ವೋ ಅನುಮಾನ. ಪಕ್ಕದ ಟಿವಿಯಲ್ಲಿ ಗಾಡ್ ಆಫ್ ವಾರ್ 2 ಓಡ್ತಾ ಇತ್ತು, ಅದೇ ಯಂತ್ರದಲ್ಲಿ! ಯಂತ್ರ ಹಳೇದು ಅನ್ನೋ ನೆವ ಅಲ್ಲಿ ನಡೆಯಂಗಿಲ್ಲ. ನಮ್ಮ ದೇಶದ ಕಂಪನಿಗಳಿಗೆ ಕನ್ಸೋಲ್ ಆಟ ಮಾಡಿ ಅನುಭವ ಇರಲಿಲ್ಲ, ಅದು ಅರ್ಥ ಆಗತ್ತೆ. ನನಗೆ ಸಿಟ್ಟು ಬಂದದ್ದು ಬೇರೆದಕ್ಕೆ. ಮೊದಲ ಬೆಳೆ ಸರಿ ಬರಲಿಲ್ಲ ಅಂದ್ರೆ ಎರಡನೇದಕ್ಕೆ ಮಣ್ಣು ತಿದ್ದಬೇಕಲ್ವಾ? ಈ ಆಟಗಳು ಒಂದಾದ ಮೇಲೆ ಒಂದು ಬಂದ್ವು, ಪಿಎಸ್ 2 ನಿಂತಿತು, ಆ ಸಾಲೂ ಹೆಚ್ಚು ಕಮ್ಮಿ ಅಲ್ಲಿಗೇ ನಿಂತಿತು. ಕಂಪನಿಯೊಂದು ತನ್ನ ಕ್ಯಾಲೆಂಡರಿನಲ್ಲಿ ಚಿಕ್ಕೋಡಿಯಂಥ ಊರನ್ನ ಲೆಕ್ಕಕ್ಕೆ ಹಿಡಿದದ್ದು ಆಗ ಒಂದು ಸಲ.

ಇದು ಆಗದ ಕೆಲಸ ಅಂತೀರಾ? ಬ್ರೆಜಿಲ್ ನೋಡಿ. ಅಲ್ಲಿ ಟೆಕ್‌ಟಾಯ್ ಅನ್ನೋ ಕಂಪನಿ ಸೆಗಾದವರ ಮಾಸ್ಟರ್ ಸಿಸ್ಟಮ್ ಅನ್ನೋ ಡಬ್ಬಿಯನ್ನ 1989ರಲ್ಲಿ ಮಾರೋಕೆ ಹಿಡೀತು. ಜಪಾನಿನವರು ಅದನ್ನ ಮರೆತು ದಶಕಗಳಾದ ಮೇಲೂ ಅಲ್ಲಿ ಅದರ ವ್ಯಾಪಾರ ನಡೀತಾನೇ ಇತ್ತು. ಸುಮ್ಮನೆ ಮಾರಲಿಲ್ಲ. ಜಪಾನಿನ ಆಟ ತಗೊಂಡು ಅಲ್ಲಿನ ಮಕ್ಕಳಿಗೆ ಪ್ರೀತಿಯ ಕಾಮಿಕ್ಸಿನ ಮೋನಿಕಾ ಅನ್ನೋ ಹುಡುಗಿಯನ್ನ ನಾಯಕಿ ಮಾಡಿ, ಭಾಷೆ ಪೋರ್ಚುಗೀಸ್ ಮಾಡಿ ಕೊಟ್ಟರು. ಹುಸಿ ತುಂಬೋದು ಅಂದ್ರೆ ಇದು. ಅದೇ ಸೆಗಾದ ಮುಂದಿನ ಯಂತ್ರ ಮೆಗಾ ಡ್ರೈವ್ ನಮ್ಮಲ್ಲಿಗೆ 1995ರಲ್ಲಿ ಶಾ ವ್ಯಾಲೇಸ್ ಮೂಲಕ ಬಂತು. ಜಪಾನಿನಲ್ಲಿ ಅದು ಬಂದು ಏಳು ವರ್ಷ ಆಗಿತ್ತು, ಅದರ ಮುಂದಿನದೂ ಬಂದಾಗಿತ್ತು. ಇಲ್ಲಿ ಬೆಲೆ 18,000 ರೂಪಾಯಿ. 1995ರಲ್ಲಿ! ನಮ್ಮಪ್ಪನ ಹಳೇ ರಾಜದೂತ್ ಅಷ್ಟಕ್ಕೆ ಹೋಗ್ತಿರಲಿಲ್ಲ. ಕೂಳೆ ಕಬ್ಬನ್ನ ಹೊಸ ನಾಟಿ ಅಂತ ಹೇಳಿ ಮಾರಿದ ಹಾಗೆ.

ಈಗಿನ ಕಥೆಗೆ ಬರ್ತೀನಿ. ಪಿಎಸ್ 4 ಮತ್ತು ಪಿಎಸ್ 5 ಒಳಗಿನಿಂದ ಒಂದೇ ಜಾತಿ ಯಂತ್ರಗಳು, ಕಂಪ್ಯೂಟರ್ ಥರದ ಪ್ರೊಸೆಸರ್. ಹಂಗಾಗಿ ಎರಡಕ್ಕೂ ಒಂದೇ ಆಟ ಮಾಡೋದು ಪಿಎಸ್ 3 ಕಾಲದಷ್ಟು ಕಷ್ಟ ಅಲ್ಲ. 2020ರ ಮೇ ತಿಂಗಳಲ್ಲಿ ಸೋನಿಯ ಜಿಮ್ ರಯಾನ್ ತಮಗೆ ತಲೆಮಾರುಗಳ ಮೇಲೆ ನಂಬಿಕೆ ಇದೆ, ಹೊಸ ಯಂತ್ರದ ಆಟ ಹೊಸ ಯಂತ್ರಕ್ಕೇ ಅನ್ನೋ ಅರ್ಥದಲ್ಲಿ ಮಾತಾಡಿದರು. ಸೆಪ್ಟೆಂಬರಿಗೆ ಮಾತು ಬದಲಾಯ್ತು. ಹೊರೈಜನ್ ಫರ್‌ಬಿಡನ್ ವೆಸ್ಟ್ ಪಿಎಸ್ 4ಕ್ಕೂ ಬರತ್ತೆ ಅಂದರು. 2022ರಲ್ಲಿ ಅದು ಬಂತು, ಗ್ರ್ಯಾನ್ ಟುರಿಸ್ಮೊ 7 ಬಂತು, ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಬಂತು, ಮೂರೂ ಎರಡೂ ಡಬ್ಬಿಗೆ. ಪಿಎಸ್ 4 ಹನ್ನೊಂದು ಕೋಟಿಗೂ ಹೆಚ್ಚು ಮಾರಿದ ಯಂತ್ರ, ಪಿಎಸ್ 5 ಆಗ ಚಿಪ್ ಕೊರತೆಯಲ್ಲಿ ಅಂಗಡಿಯಲ್ಲೇ ಸಿಗ್ತಿರಲಿಲ್ಲ. ಬುಡದಲ್ಲಿ ಇನ್ನೂ ರಸ ಇರೋವಾಗ ಯಾರು ಕೀಳ್ತಾರೆ? ಅಳಿಯನಿಗೆ ಹಬ್ಬ. ಪುಣೆಯಿಂದ ಸೆಕೆಂಡ್ ಹ್ಯಾಂಡ್ ಪಿಎಸ್ 4 ಬಂದದ್ದು ಅದೇ ವರ್ಷ.

ಹೊರೈಜನ್ ಆಟದ ಪಿಎಸ್ 4 ಪ್ರತಿ ಕೊಂಡವರಿಗೆ ಪಿಎಸ್ 5 ಪ್ರತಿ ಪುಕ್ಕಟೆ ಇಲ್ಲ ಅಂತ 2021ರಲ್ಲಿ ಹೇಳಿ, ಜನ ಬೈದ ಮೇಲೆ ಎರಡೇ ದಿನದಲ್ಲಿ ಕೊಡ್ತೀವಿ ಅಂದರು. ಜನ ಬಾಯಿ ಬಿಟ್ಟರೆ ಕ್ಯಾಲೆಂಡರೂ ಬದಲಾಗತ್ತೆ ಅಂತ ಅವತ್ತು ಗೊತ್ತಾಯ್ತು.

ಹಾಗಾದ್ರೆ ಹಳೇ ಯಂತ್ರಕ್ಕೆ ಎಲ್ಲಾ ಆಟ ಬರಲೇಬೇಕಾ? ಅಳಿಯನ ವಾದ ಅದೇ. ನಾನು ಒಪ್ಪಲ್ಲ. ಸೈಬರ್‌ಪಂಕ್ 2077 ಏನಾಯ್ತು ನೋಡಿದೀವಿ. 2020ರ ಡಿಸೆಂಬರ್ 10ಕ್ಕೆ ಪಿಎಸ್ 4ಕ್ಕೂ ಬಂತು. ಆ ಡಬ್ಬಿಗೆ ಭಾರ ಹೊರೋ ಶಕ್ತಿ ಇರಲಿಲ್ಲ, ಆಟ ಅರ್ಧ ದಾರಿಯಲ್ಲಿ ನಿಲ್ಲೋದು, ರಸ್ತೆಯಲ್ಲಿ ಜನ ಮಾಯ ಆಗೋದು. ಒಂದು ವಾರ ಕಳೆದು 18ನೇ ತಾರೀಕಿಗೆ ಸೋನಿಯವರು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ಅದನ್ನ ತೆಗೆದರು, ವಾಪಸ್ ಇಟ್ಟದ್ದು 2021ರ ಜೂನಿನಲ್ಲಿ. 2023ರಲ್ಲಿ ಅದರ ಮುಂದಿನ ಭಾಗ ಬಂದಾಗ ಹಳೇ ಯಂತ್ರ ಕೈ ಬಿಟ್ಟರು. ಅದು ಸರಿಯಾದ ತೀರ್ಮಾನ. ಗೊಣ್ಣೆ ಹುಳು ಬಿದ್ದ ಬುಡಕ್ಕೆ ಯೂರಿಯಾ ಸುರಿದರೆ ಹುಳಕ್ಕೇ ಊಟ.

ಜಿಟಿಎ ವಿಷಯದಲ್ಲಿ ರಾಕ್‌ಸ್ಟಾರ್‌ನವರು ಎಷ್ಟು ಪಕ್ಕಾ ರೈತರು ಅಂದ್ರೆ, ಜಿಟಿಎ 5 ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಪಿಎಸ್ 3ಕ್ಕೆ. ಎರಡು ತಿಂಗಳಿಗೆ ಪಿಎಸ್ 4 ಬರೋದಿತ್ತು, ಕಾಯಲಿಲ್ಲ! ಡಬ್ಬಿ ಜಾಸ್ತಿ ಇರೋ ಕಡೆ ಮೊದಲು ಮಾರಿದರು, 2014ರಲ್ಲಿ ಅದೇ ಆಟ ಪಿಎಸ್ 4ಕ್ಕೆ, 2022ರಲ್ಲಿ ಪಿಎಸ್ 5ಕ್ಕೆ. ಒಂದು ನಾಟಿ, ಮೂರು ತಲೆಮಾರು, ಇಪ್ಪತ್ತು ಕೋಟಿಗೂ ಮೀರಿ ಪ್ರತಿ. ಜಿಟಿಎ 6 ಮಾತ್ರ ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಅಂತ ಹೇಳಿದರು, 2025ರಲ್ಲೇ ಎರಡು ಸಲ ದಿನಾಂಕ ಮುಂದೆ ಹಾಕಿದರು. ಪಿಎಸ್ 5 ಎಂಟು ಕೋಟಿ ದಾಟಿದೆ, ಹಿಂದೆ ತಿರುಗಿ ನೋಡೋ ಗರಜು ಅವರಿಗಿಲ್ಲ. ಇದರ ಬಗ್ಗೆ ನನಗೆ ಜಗಳ ಇಲ್ಲ. ಅವರು ಮೊದಲೇ ಹೇಳಿದ್ದಾರೆ, ಮೋಸ ಮಾಡಿಲ್ಲ.

ಮೋಸ ಅನ್ಸೋದು ಬೇರೆ ಕಡೆ. ಎರಡು ವರ್ಷದ ಹಿಂದೆ ಅಳಿಯ ಒಂದು ಆಟದ ಪಿಎಸ್ 4 ಪ್ರತಿ ಕೊಂಡ. ಯಾವ ಕಂಪನಿ ಅಂತ ಹೆಸರು ಬೇಡ. ಹೊಸ ಯಂತ್ರದ ಪ್ರತಿಗೆ ಹತ್ತಿರ ಹತ್ತಿರ ಅಷ್ಟೇ ಬೆಲೆ. ಮನೆಗೆ ತಂದು ಹಾಕಿದ ಮೇಲೆ ಗೊತ್ತಾಯ್ತು, ಟಿವಿ ಜಾಹೀರಾತಿನಲ್ಲಿ ತೋರಿಸಿದ ಅರ್ಧ ಸಂಗತಿ ಈ ಪ್ರತಿಯಲ್ಲಿ ಇಲ್ಲ. ಪೆಟ್ಟಿಗೆ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತಂತೆ. ಆ ದುಡ್ಡು ಅವನು ಅಥಣಿಯ ಒಂದು ಚಪ್ಪಲಿ ಅಂಗಡಿಯಲ್ಲಿ ದೀಪಾವಳಿ ರಜೆಯಲ್ಲಿ ಲೆಕ್ಕ ಬರೆದು ಗಳಿಸಿದ್ದು. ಕಾರ್ಖಾನೆಯಲ್ಲಿ ತೂಕದ ಕಾಟಾ ಹೊಡೆದರೆ ನಮ್ಮ ಜನ ರಸ್ತೆ ಬಂದ್ ಮಾಡ್ತಾರೆ. ಇಲ್ಲಿ ಯಾವ ರಸ್ತೆ ಬಂದ್ ಮಾಡೋದು?

ಇನ್ನೊಂದು, ದೀಪ ಆರಿಸೋದು. ಪಿಎಸ್ 3ರ ಜಿಟಿಎ ಆನ್‌ಲೈನ್ 2021ರ ಡಿಸೆಂಬರ್ 16ಕ್ಕೆ ಬಂದ್. ನಿಂಟೆಂಡೊದವರ 3ಡಿಎಸ್, ವೀ ಯು ಆನ್‌ಲೈನ್ ಅಂಗಡಿ 2023ರ ಮಾರ್ಚಿನಲ್ಲಿ ಬಂದ್. ಎಕ್ಸ್‌ಬಾಕ್ಸ್ 360 ಅಂಗಡಿ 2024ರ ಜುಲೈನಲ್ಲಿ ಬಂದ್. ಪಿಎಸ್ 3 ಮತ್ತು ವೀಟಾ ಅಂಗಡಿಯನ್ನೂ 2021ರಲ್ಲಿ ಮುಚ್ಚೋಕೆ ಹೊರಟಿದ್ರು, ಅಲ್ಲೂ ಜನ ಗಲಾಟೆ ಮಾಡಿದ್ದಕ್ಕೆ ಬಿಟ್ಟರು. ತಲೆಮಾರು ಅನ್ನೋದು ಹೊಸ ಆಟ ಬರಲ್ಲ ಅನ್ನೋದಷ್ಟೇ ಆಗಿದ್ದರೆ ಸಹಿಸಬಹುದು. ನಾವು ಟೋಕಿಯೋಕ್ಕಿಂತ ಏಳು ವರ್ಷ ತಡವಾಗಿ ಊಟಕ್ಕೆ ಕೂರೋ ಜನ. ನಮ್ಮ ಎಲೆಗೆ ಅನ್ನ ಬೀಳೋ ಹೊತ್ತಿಗೆ ಅಡುಗೆಯವರು ಒಲೆ ಆರಿಸಿ ಪಾತ್ರೆ ತೊಳೀತಿರ್ತಾರೆ. ಪಿಎಸ್ 2 ಕಾಲದಲ್ಲಿ ಇದು ನಮಗೆ ತಟ್ಟಲಿಲ್ಲ, ಡಿಸ್ಕ್ ನಮ್ಮ ಕೈಯಲ್ಲಿತ್ತು, 8 ಎಂಬಿ ಕಾರ್ಡ್ ಹುಡುಗನ ಕಿಸೆಯಲ್ಲಿತ್ತು. ಈಗ ಎಲ್ಲಾ ಅವರ ಸರ್ವರಿನಲ್ಲಿ.

ಯಂತ್ರ ಮಾರೋ ದಿನವೇ ಪೆಟ್ಟಿಗೆ ಮೇಲೆ ಬರೀರಿ: ಇಂಥ ವರ್ಷದ ತನಕ ಅಂಗಡಿ ತೆರೆದಿರತ್ತೆ ಅಂತ. ಹಳೇ ಯಂತ್ರದ ಪ್ರತಿಯಲ್ಲಿ ಏನು ಇಲ್ಲ ಅನ್ನೋದನ್ನ ಮುಂದಿನ ಮುಖದಲ್ಲಿ ಬರೀರಿ, ಬೆಲೆ ಅಷ್ಟಕ್ಕೆ ಇಳಿಸಿ. ಕೂಳೆಗೂ ನಾಟಿಗೂ ಕಾರ್ಖಾನೆ ಒಂದೇ ದರ ಕೊಡತ್ತೆ, ಯಾಕಂದ್ರೆ ಸಕ್ಕರೆ ಸಕ್ಕರೆಯೇ. ಅರ್ಧ ಆಟ ಮಾತ್ರ ಅರ್ಧ ಆಟವೇ.

ಅಂದ ಹಾಗೆ ನಮ್ಮ ಪಾರ್ಲರ್ 2011ರಲ್ಲಿ ಮುಚ್ಚಿತು. ದೊಡ್ಡ ಕಾರಣ ಏನಿಲ್ಲ, ದೋಸ್ತನ ಮದುವೆ ಆಯ್ತು, ಹುಡುಗರ ಕೈಗೆ ಮೊಬೈಲ್ ಬಂತು. ಎರಡರಲ್ಲಿ ಒಂದು ಪಿಎಸ್ 2 ಇನ್ನೂ ಅಟ್ಟದ ಮೇಲಿದೆ, ಹನುಮಾನ್ ಡಿಸ್ಕ್ ಸಮೇತ.

ಈ ರವಿವಾರ ಅಥಣಿಗೆ ಹೋಗಿದ್ದೆ. ಭಾವ ಹೊಲದಲ್ಲಿದ್ದರು. ಬದುವಿನ ಮೇಲೆ ನಿಂತು ವಿಷಯ ತೆಗೆದೆ. ಅಳಿಯ ನನ್ನ ಹಿಂದೆ, ಕಬ್ಬಿಗೆ ಮರೆಯಾಗಿ.

"ಈಗ ಇದ್ದದ್ದು ಕೆಟ್ಟೈತೇನು?" ಅಂದರು ಭಾವ.

"ಇಲ್ರೀ."

"ಮತ್ತ್ಯಾಕ?"

ನಾನು ಮೇಲೆ ಬರೆದದ್ದನ್ನೆಲ್ಲಾ ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಹುಡುಗ ಬಾಯಿ ಹಾಕಿದ. "ಅಪ್ಪಾ, ಆ ಆಚೀಕಡೆ ಪಟ್ಟಿ ಕೂಳೆ ಚೊಲೋನೇ ಚಿಗಿತಿತ್ತಲ್ಲ, ಹ್ವಾದ ವರ್ಷ ಯಾಕ ಕಿತ್ತಿ?"

ಭಾವ ಅವನನ್ನ ಒಂದು ಗಳಿಗೆ ನೋಡಿದರು. ನಕ್ಕರೋ ಇಲ್ವೋ ಗೊತ್ತಾಗಲಿಲ್ಲ, ಟವೆಲ್ಲಿಂದ ಮುಖ ಒರೆಸ್ಕೊಂಡರು. "ಕಾರ್ಖಾನಿ ಬಿಲ್ ಬರ್ಲಿ, ನೋಡೂಣು" ಅಂದರು.

ಬಿಲ್ ಇನ್ನೂ ಬಂದಿಲ್ಲ.